ಬೇಡ ಅನ್ನುವವರಿಗೆ ಸುವಾರ್ತೆ ಹೇಳುವುದು ಹೇಗೆ?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆ ಸುವಾರ್ತೆಯ ಕೆಲಸ ಮಾಡುವವರು ನಾಲ್ಕು ಜನ ಸೇರಿದರೆ ಒಂದು ಮಾತು ಬಂದೇ ಬರುತ್ತದೆ. 'ಈ ಸೀಮೆ ಜನ ಗಟ್ಟಿ. ಜಗಲಿ ಮೇಲೆ ಕೂರಿಸ್ತಾರೆ, ಕಾಫಿ ಕೊಡ್ತಾರೆ, ಏಸುಸ್ವಾಮಿನೂ ದೊಡ್ಡೋರೇ ಬಿಡಿ ಅಂತಾರೆ. ಆಮೇಲೆ ಎದ್ದು ತೋಟಕ್ಕೆ ಹೋಗ್ತಾರೆ.' ಇದು ದೂರಿನ ಸೌಮ್ಯ ರೂಪ. ಖಾರದ ರೂಪದಲ್ಲಿ ಬಾಗಿಲು ಹಾಕಿಕೊಳ್ಳುವುದು, ಕರಪತ್ರ ಹರಿದು ಎಸೆಯುವುದು, ಊರ ಹುಡುಗರು ಸುತ್ತ ನಿಂತು ಎಲ್ಲಿಂದ ಬಂದಿರಿ, ಯಾರು ಕಳಿಸಿದರು ಎಂದು ಕೇಳುವುದು ಎಲ್ಲವೂ ಸೇರುತ್ತವೆ.

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು ನೂರಕ್ಕೆ 1.87. ಈ ನಾಲ್ಕು ತಾಲ್ಲೂಕುಗಳಲ್ಲಿ ಅಷ್ಟೂ ಇಲ್ಲ. 2007ರಲ್ಲಿ ರಾಮನಗರ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೊಸ ಹೆಸರು ಪಡೆದ ಈ ಸೀಮೆ ಮನೆದೇವರುಗಳ, ಬೆಟ್ಟದ ದೇವರುಗಳ ಸೀಮೆ. ರಾಮದೇವರ ಬೆಟ್ಟ, ರೇವಣಸಿದ್ದೇಶ್ವರ ಬೆಟ್ಟ, ಸಾವನದುರ್ಗದ ನರಸಿಂಹ ಮತ್ತು ವೀರಭದ್ರ, ಕಬ್ಬಾಳಿನ ಕಬ್ಬಾಳಮ್ಮ, ಕೆಂಗಲ್ಲಿನ ಆಂಜನೇಯ, ದೊಡ್ಡಮಳೂರಿನ ಅಪ್ರಮೇಯ, ಹೀಗೆ ಒಂದೊಂದು ಮನೆಗೂ ಒಂದೊಂದು ನಂಟು. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಹುಟ್ಟಿದ ವೀರಾಪುರ ಮಾಗಡಿ ತಾಲ್ಲೂಕಿನದು. ಆದಿಚುಂಚನಗಿರಿಯ ಬಾಲಗಂಗಾಧರನಾಥ ಸ್ವಾಮಿಗಳ ಬಾನಂದೂರು ಬಿಡದಿಯ ಮಗ್ಗುಲಿಗಿದೆ. ಬಡವರ ಮಕ್ಕಳಿಗೆ ಅನ್ನ, ಅಕ್ಷರ ಎಂದರೆ ಇಲ್ಲಿನವರಿಗೆ ಮೊದಲು ನೆನಪಾಗುವುದು ಮಠ. 'ನಾವು ಶಾಲೆ ಕಟ್ಟಿದೆವು, ಆಸ್ಪತ್ರೆ ಕಟ್ಟಿದೆವು' ಎಂದು ಮಂಗಳೂರು, ಮೈಸೂರುಗಳ ಮಿಷನ್ ಚರಿತ್ರೆಯನ್ನು ಇಲ್ಲಿ ಬಿಚ್ಚಿದರೆ ಯಾರೂ ಬೆರಗಾಗುವುದಿಲ್ಲ.

ಈ ಬರಹ ಮುಖ್ಯವಾಗಿ ಕ್ರೈಸ್ತ ಓದುಗರಿಗೆ. ಬೇರೆಯವರು ಓದಿದರೂ ಮುಜುಗರ ಪಡುವಂಥದ್ದು ಏನೂ ಇಲ್ಲ. ಪಕ್ಕದ ಮನೆಯವರ ಕಿವಿಗೆ ಬೀಳಬಾರದು ಎನ್ನುವಂಥ ಸುವಾರ್ತೆಯನ್ನು ಸಾರದೆ ಇರುವುದೇ ಮೇಲು.

ಬೇಡ ಅಂದದ್ದು ಏನನ್ನು?

ಬಾಗಿಲು ಮುಚ್ಚಿದವರು ಕ್ರಿಸ್ತನನ್ನು ಬೇಡ ಅಂದರು ಎಂದು ನಾವು ಬೇಗ ತೀರ್ಮಾನಿಸಿಬಿಡುತ್ತೇವೆ. ಬಹುಪಾಲು ಸಂದರ್ಭಗಳಲ್ಲಿ ಕ್ರಿಸ್ತನ ವಿಷಯ ಆ ಮನೆಯ ಹೊಸ್ತಿಲವರೆಗೂ ಹೋಗಿರುವುದಿಲ್ಲ. ಬೇಡ ಅಂದದ್ದು ಬೇರೆಯದನ್ನು.

ಈ ಕಡೆಯ ಒಬ್ಬ ಅಪ್ಪನನ್ನು ಬಿಡುವು ನೋಡಿ ಮಾತಿಗೆ ಎಳೆಯಿರಿ. ಮಗ ಪ್ರಾರ್ಥನೆಗೆ ಹೋಗುತ್ತಾನೆ ಎನ್ನುವುದಕ್ಕಿಂತ ದೊಡ್ಡ ಸಂಕಟ ಅವನಿಗೆ ಇನ್ನೊಂದಿದೆ: 'ನಾಳೆ ನಾನು ಸತ್ತರೆ ಹಾಲು-ತುಪ್ಪ ಬಿಡೋರು ಯಾರು? ಮಾರ್ನಮೀಲಿ ಎಡೆ ಇಡೋರು ಯಾರು?' ದೇವರು ಒಬ್ಬನೋ ಹಲವರೋ ಎಂಬ ತರ್ಕಕ್ಕೂ ಈ ಅಳಲಿಗೂ ಸಂಬಂಧವಿಲ್ಲ. ಸತ್ತವರ ಸಾಲಿನಿಂದ ತಾನು ಕಡಿದು ಹೋಗುತ್ತೇನೆ ಎಂಬ ಭಯ ಅದು. ಇದಕ್ಕೆ ಸುವಾರ್ತಿಕರು ಕೊಡುವ ಉತ್ತರ ಸಾಮಾನ್ಯವಾಗಿ ಒಂದು ವಚನ. ಅಪ್ಪನಿಗೆ ಬೇಕಾದದ್ದು ಒಂದು ಮಾತು: ಮಗ ಚಟ್ಟಕ್ಕೆ ಹೆಗಲು ಕೊಡುತ್ತಾನೋ ಇಲ್ಲವೋ.

ಕೊಡಲೇಬೇಕು ಎಂದು ಸಭೆಯವರು ಬಾಯಿಬಿಟ್ಟು ಹೇಳಬೇಕು. ಪೂಜೆ ಮಾಡುವುದು, ಎಡೆ ಇಡುವುದು ಕ್ರೈಸ್ತನಾದ ಮಗನ ಮನಸ್ಸಾಕ್ಷಿಗೆ ಒಪ್ಪದೆ ಇರಬಹುದು. ಆ ವಿಷಯದಲ್ಲಿ ಕ್ಯಾಥೊಲಿಕರು, ಸಿಎಸ್‌ಐನವರು, ಪೆಂತೆಕೊಸ್ತಿನವರು ಒಂದೇ ರೀತಿ ಯೋಚಿಸುವುದೂ ಇಲ್ಲ. ಕ್ಯಾಥೊಲಿಕರು ನವೆಂಬರ್ 2ರಂದು ಸಮಾಧಿಗಳಿಗೆ ಹೂವಿಟ್ಟು ಮೃತರಿಗಾಗಿ ಪ್ರಾರ್ಥಿಸುತ್ತಾರೆ, ಪ್ರೊಟೆಸ್ಟೆಂಟರಲ್ಲಿ ಬಹಳ ಮಂದಿ ಮೃತರಿಗಾಗಿ ಪ್ರಾರ್ಥಿಸುವುದಿಲ್ಲ. ಆದರೆ ಅಪ್ಪನ ಹೆಣ ಹೊರುವುದನ್ನು, ಹಾಲು-ತುಪ್ಪದ ದಿನ ಬಂದ ನಂಟರಿಗೆ ಊಟ ಬಡಿಸುವುದನ್ನು, ಖರ್ಚಿನ ಪಾಲು ಹಾಕುವುದನ್ನು ಯಾವ ಸಭೆಯ ಬೋಧನೆಯೂ ತಡೆಯುವುದಿಲ್ಲ. ಹೊಸ ವಿಶ್ವಾಸಿಗೆ 'ನಿಮ್ಮಪ್ಪನ ತಿಥಿಗೆ ಹೋಗಬೇಡ' ಎಂದು ಹೇಳುವ ಪಾಸ್ಟರ್ ಆ ಊರನ್ನು ಒಂದು ತಲೆಮಾರಿನ ಕಾಲ ಮುಚ್ಚಿಬಿಡುತ್ತಾನೆ. ನಂತರ ಬಂದವರು ಅದನ್ನು ಜನರ ಹೃದಯಕಾಠಿಣ್ಯ ಎಂದು ವರದಿ ಬರೆಯುತ್ತಾರೆ.

ಎರಡನೆಯ ಭಯ ಜಮೀನಿನದು. ಬೆಂಗಳೂರು ಬಿಡದಿಯ ತನಕ ಬಂದು ನಿಂತಿರುವ ಈ ಕಾಲದಲ್ಲಿ ಅದೇನು ಸಣ್ಣ ವಿಷಯವಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಮತ ಬದಲಿಸಿದ ಮಾತ್ರಕ್ಕೆ ಒಬ್ಬನ ಪಿತ್ರಾರ್ಜಿತದ ಹಕ್ಕು ಹೋಗುವುದಿಲ್ಲ. ಆದರೆ ಬದಲಿಸಿದ ಮೇಲೆ ಹುಟ್ಟಿದ ಮಕ್ಕಳಿಗೆ ಹಿಂದೂ ಬಂಧುಗಳ ಆಸ್ತಿಯಲ್ಲಿ ಉತ್ತರಾಧಿಕಾರ ಸಿಗುವುದಿಲ್ಲ. ಉತ್ತರಾಧಿಕಾರ ತೆರೆಯುವ ಹೊತ್ತಿಗೆ ಅವರು ಹಿಂದೂಗಳಾಗಿದ್ದರೆ ಮಾತು ಬೇರೆ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಗಂಡ ಅಥವಾ ಹೆಂಡತಿ ಬೇರೆ ಮತಕ್ಕೆ ಹೋಗುವುದು ವಿಚ್ಛೇದನಕ್ಕೆ ಒಂದು ಕಾರಣ. ಪರಿಶಿಷ್ಟ ಜಾತಿಯವರ ವಿಷಯ ಇನ್ನೂ ತೂಕದ್ದು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂ, ಸಿಖ್, ಬೌದ್ಧರಲ್ಲದವರು ಪರಿಶಿಷ್ಟ ಜಾತಿಗೆ ಸೇರಿದವರೆಂದು ಪರಿಗಣಿತರಾಗುವುದಿಲ್ಲ. ಕ್ರೈಸ್ತರಾದ ಪರಿಶಿಷ್ಟ ಜಾತಿಯವರನ್ನು ಕರ್ನಾಟಕದಲ್ಲಿ ಹಿಂದುಳಿದವರ ಪ್ರವರ್ಗ-1ರಲ್ಲಿ ಸೇರಿಸಲಾಗಿದೆ. ಇದು ನ್ಯಾಯವೋ ಅನ್ಯಾಯವೋ ಎಂಬ ಚರ್ಚೆ ದಶಕಗಳಿಂದ ನಡೆದಿದೆ. ಆ ಚರ್ಚೆ ಮುಗಿಯುವ ತನಕ, ಸಭೆಗೆ ಬರುತ್ತೇನೆ ಎನ್ನುವ ದಲಿತ ಹುಡುಗನಿಗೆ ಈ ಸಂಗತಿಯನ್ನು ಮೊದಲೇ ತಿಳಿಸುವುದು ನಮ್ಮ ಕರ್ತವ್ಯ. 'ಅದೆಲ್ಲ ಕಾಗದದಲ್ಲಿ ಹಾಗೇ ಇರಲಿ ಬಿಡು' ಎಂದು ಪಿಸುಗುಟ್ಟುವುದು ಸುವಾರ್ತೆಯ ಮೊದಲ ಪಾಠವನ್ನೇ ಸುಳ್ಳಿನಿಂದ ಶುರುಮಾಡಿದ ಹಾಗೆ.

ಮೂರನೆಯದು ಮಗಳ ಮದುವೆ. ಗಂಡು ಹುಡುಕುವಾಗ ಜಾತಿ, ಕುಲ, ಮನೆದೇವರು ಕೇಳುವ ಊರಿನಲ್ಲಿ ಅಣ್ಣ ಕ್ರೈಸ್ತನಾದರೆ ತಂಗಿಯ ಮದುವೆ ನಿಲ್ಲುತ್ತದೆ. ಹೆಚ್ಚು ವಿವರಿಸಬೇಕಿಲ್ಲ.

ಇಷ್ಟನ್ನು ತಿಳಿದು ಹೊರಟರೆ ಎದುರಿಗಿರುವವನ 'ಬೇಡ' ಎಂಬ ಮಾತಿಗೆ ಕಿವಿಗೊಡುವ ತಾಳ್ಮೆ ಬರುತ್ತದೆ.

ಆಬೆ ದುಬುವಾ ಕೊಟ್ಟ ತೀರ್ಪು

ಈ ಜನ ಒಪ್ಪುವವರಲ್ಲ ಎಂದು ಪುಸ್ತಕವನ್ನೇ ಬರೆದವರು ನಮ್ಮ ಪಕ್ಕದ ಶ್ರೀರಂಗಪಟ್ಟಣದ ಸುತ್ತ ದುಡಿದ ಒಬ್ಬ ಪಾದ್ರಿ. ಫ್ರಾನ್ಸಿನ ಆಬೆ ಜೆ. ಎ. ದುಬುವಾ 1792ರಲ್ಲಿ ಭಾರತಕ್ಕೆ ಬಂದವರು. 1799ರಲ್ಲಿ ಟಿಪ್ಪು ಮಡಿದ ಮೇಲೆ, ಚೆಲ್ಲಾಪಿಲ್ಲಿಯಾಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಮೈಸೂರು ಸೀಮೆಗೆ ಬಂದರು. ಇಲ್ಲಿನವರಂತೆ ಬಟ್ಟೆ ಉಟ್ಟರು, ಪೇಟ ಸುತ್ತಿದರು, ಇಲ್ಲಿನವರ ಊಟ ಉಂಡರು. ಜನ ಅವರನ್ನು ದೊಡ್ಡ ಸ್ವಾಮಿಯವರು ಎಂದು ಕರೆದರಂತೆ. ಮೂವತ್ತು ವರ್ಷ ದುಡಿದು 1823ರಲ್ಲಿ ಊರಿಗೆ ಹಿಂದಿರುಗಿದವರು ಅದೇ ವರ್ಷ ಪತ್ರಗಳ ರೂಪದ ಒಂದು ಪುಸ್ತಕ ಪ್ರಕಟಿಸಿದರು. ಅದರ ಸಾರ ಇಷ್ಟೇ: ಈಗಿರುವ ಸ್ಥಿತಿಯಲ್ಲಿ ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಆಗದ ಕೆಲಸ. ಇಂಗ್ಲೆಂಡಿನ ಮಿಷನರಿಗಳು ಸಿಟ್ಟಿಗೆದ್ದರು; ಜೇಮ್ಸ್ ಹಫ್ ಎಂಬ ಪಾದ್ರಿ ಮರುವರ್ಷವೇ ಉತ್ತರವಾಗಿ ಒಂದು ಪುಸ್ತಕ ತಂದರು.

ದುಬುವಾರ ತೀರ್ಪು ಸರಿಯೇ ತಪ್ಪೇ ಎಂಬುದಕ್ಕಿಂತ ಅದಕ್ಕೆ ಅವರು ಕೊಟ್ಟ ಒಂದು ಕಾರಣ ಇವತ್ತಿಗೂ ಕುಟುಕುತ್ತದೆ. ಯುರೋಪಿಯನ್ನರ ನಡತೆ, ಕುಡಿತ, ಇಲ್ಲಿನವರ ಆಚಾರದ ಬಗ್ಗೆ ಅವರಿಗಿದ್ದ ಉಡಾಫೆ ಇವೆಲ್ಲ ಕ್ರೈಸ್ತ ಮತದ ಹೆಸರನ್ನೇ ಕೆಡಿಸಿದವು ಎಂದು ಅವರು ಬರೆದರು. ಮತ ಸಾರುವ ಕೆಲಸದಲ್ಲಿ ಸೋತೆ ಎಂದುಕೊಂಡ ಅದೇ ದುಬುವಾ ಮೈಸೂರು ಸೀಮೆಯಲ್ಲಿ ಸಿಡುಬಿನ ವಿರುದ್ಧ ದಾಕು ಹಾಕಿಸುವ ಕೆಲಸಕ್ಕೆ ಮುಂದೆ ನಿಂತವರು. ಹಾಸನದ ಕಡೆ ಸಾತಳ್ಳಿಯಲ್ಲಿ ಬಡ ಕ್ರೈಸ್ತ ಕುಟುಂಬಗಳಿಗೆ ಬೇಸಾಯದ ನೆಲೆ ಮಾಡಿಕೊಟ್ಟವರು. ಅವರು ಸೋಲು ಎಂದು ಲೆಕ್ಕ ಬರೆದುಕೊಂಡ ವರ್ಷಗಳಲ್ಲೇ ಆದ ಕೆಲಸ ಇದು. ತಿಂಗಳ ವರದಿಯಲ್ಲಿ 'ಎಷ್ಟು ಆತ್ಮಗಳು' ಎಂದು ಕೇಳುವ ಈಗಿನ ಸಂಸ್ಥೆಗಳ ಲೆಕ್ಕದಲ್ಲಿ ದುಬುವಾ ಇವತ್ತೂ ಫೇಲ್.

ಹಾರೋಬೆಲೆಯ ಪಾಠ

ಕ್ರೈಸ್ತ ಮತ ಈ ನೆಲಕ್ಕೆ ನಿನ್ನೆ ಮೊನ್ನೆ ಬಂದದ್ದಲ್ಲ. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 17ನೇ ಶತಮಾನದ ನಡುವೆ, ಇಟಲಿಯ ಯೇಸುಸಭೆಯ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ ಶುರುಮಾಡಿದರು. ಸನ್ಯಾಸಿಯ ಉಡುಪು ತೊಟ್ಟು, ಕನ್ನಡ ಕಲಿತು, ಕನ್ನಡದಲ್ಲೇ ಧರ್ಮೋಪದೇಶ ಬರೆದವರು ಅವರು. ಕನಕಪುರ ತಾಲ್ಲೂಕಿನ ಹಾರೋಬೆಲೆಯ ಕ್ಯಾಥೊಲಿಕರು ತಮ್ಮ ಬೇರನ್ನು ಆ ಕಾಲಕ್ಕೇ ಕೊಂಡೊಯ್ಯುತ್ತಾರೆ. ಅರ್ಕಾವತಿಯ ಪಕ್ಕದ ಈ ಊರಿನವರ ಮಾತು, ಬೇಸಾಯ, ಊಟ ಅಕ್ಕಪಕ್ಕದ ಹಳ್ಳಿಗಳವರದ್ದೇ. ಯೇಸುವಿನ ಪಾಡನ್ನು ಆಡಿ ತೋರಿಸುವ ಇಲ್ಲಿನ 'ಮಹಿಮೆ' ನಾಟಕ ತಲೆಮಾರುಗಳಿಂದ ನಡೆದು ಬಂದಿದೆ. ನಾಟಕ ಕಟ್ಟುವುದು, ರಾತ್ರಿಯಿಡೀ ಕೂತು ನೋಡುವುದು ಈ ಸೀಮೆಯ ಎಲ್ಲರಿಗೂ ಗೊತ್ತಿರುವ ಸುಖ. ಅದರಲ್ಲಿ ಕಥೆ ಮಾತ್ರ ಯೇಸುವಿನದು.

ಅದೇ ಹಾರೋಬೆಲೆ 2019ರ ಡಿಸೆಂಬರ್ 25ರಂದು ರಾಜ್ಯದ ಸುದ್ದಿಯಾಯಿತು. ಕಪಾಲಬೆಟ್ಟದ ಮೇಲೆ 114 ಅಡಿಯ ಕ್ರಿಸ್ತನ ಪ್ರತಿಮೆಗೆ ಆಗ ಕನಕಪುರದ ಶಾಸಕರಾಗಿದ್ದ ಡಿ. ಕೆ. ಶಿವಕುಮಾರ್ ಶಂಕುಸ್ಥಾಪನೆ ಮಾಡಿದರು. ಅದು ಮುನೇಶ್ವರನ ಬೆಟ್ಟ, ಗೋಮಾಳದ ಜಾಗ ಎಂದು ವಿರೋಧ ಎದ್ದಿತು. 2020ರ ಜನವರಿ 13ರಂದು 'ಕನಕಪುರ ಚಲೋ' ಪ್ರತಿಭಟನೆ ನಡೆಯಿತು. ಆರ್‌ಎಸ್‌ಎಸ್ ಮುಖಂಡ ಕಲ್ಲಡ್ಕ ಪ್ರಭಾಕರ ಭಟ್ಟರು ಬಂದು ಭಾಷಣ ಮಾಡಿದರು. ರಾಜಕೀಯ ಯಾರದ್ದು, ಲಾಭ ಯಾರಿಗೆ ಎಂಬುದನ್ನು ಪತ್ರಿಕೆಗಳು ಬೇಕಾದಷ್ಟು ಬರೆದಿವೆ. ಸುವಾರ್ತೆಯ ಕೆಲಸದವರು ಗಮನಿಸಬೇಕಾದದ್ದು ಬೇರೆ. ಶತಮಾನಗಳಿಂದ ಅಕ್ಕಪಕ್ಕದಲ್ಲಿದ್ದವರ ನಡುವೆ ಬರದ ಪ್ರಶ್ನೆ, ಎತ್ತರದ ಲೆಕ್ಕ ಬಂದ ಕೂಡಲೇ ಬಂದಿತು. ನನ್ನ ಅಭಿಪ್ರಾಯ ಕೇಳಿದರೆ, ಹಾರೋಬೆಲೆಯ ನಾಟಕ ಮಾಡಿದ ಕೆಲಸವನ್ನು ಯಾವ ಪ್ರತಿಮೆಯೂ ಮಾಡಲಾರದು. ಪ್ರತಿಮೆ ದೂರದಿಂದಲೇ ಕಾಣಿಸುತ್ತದೆ. ನಾಟಕಕ್ಕೆ ಬಂದವನು ಹತ್ತಿರ ಬಂದು ಕೂರಬೇಕು.

ಯಾವಾಗ ಹೋಗಬೇಕು, ಹೇಗೆ ಹೋಗಬೇಕು

ಈ ಸೀಮೆಯಲ್ಲಿ ಹಿಪ್ಪುನೇರಳೆ ಬೆಳೆದು ಹುಳು ಸಾಕುವ ಮನೆಗಳು ಸಾವಿರಾರು. ಹುಳು ನಾಲ್ಕನೇ ಜ್ವರ ಎದ್ದ ಮೇಲೆ ಒಂದು ವಾರ ಆ ಮನೆಯವರಿಗೆ ನಿದ್ದೆ ಇಲ್ಲ. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವ ದಿನವಂತೂ ಮಾತಾಡಲೂ ಪುರುಸೊತ್ತಿಲ್ಲ. ರೋಗ ತಗಲುತ್ತದೆಂದು ಹೊರಗಿನವರನ್ನು ಹುಳುಮನೆಯ ಹತ್ತಿರ ಬಿಡುವುದೂ ಇಲ್ಲ. ಆ ವಾರ ಬಾಗಿಲು ತಟ್ಟಿ ಬೈಸಿಕೊಂಡವರು ಜನ ಸುವಾರ್ತೆಯನ್ನು ದ್ವೇಷಿಸುತ್ತಾರೆ ಎಂದುಕೊಂಡರೆ ಏನು ಮಾಡುವುದು? ಗೂಡು ರಾಮನಗರದ ಮಾರುಕಟ್ಟೆಗೆ ಹೋಗಿ, ದುಡ್ಡು ಬಂದು, ಸೋಂಕು ನಿವಾರಣೆ ಮಾಡಿ ಮನೆ ತೊಳೆದ ಮೇಲೆ ಸಿಗುವ ಬಿಡುವಿನಲ್ಲಿ ಅದೇ ಯಜಮಾನ ಗಂಟೆಗಟ್ಟಲೆ ಕೂರುತ್ತಾನೆ. ಊರ ಹಬ್ಬ, ಕೊಂಡ, ಕರಗ, ಪಿತೃಪಕ್ಷಗಳ ದಿನಗಳಲ್ಲಿ ಕರಪತ್ರ ಹಿಡಿದು ಹೋಗುವುದು ಅವಿವೇಕ. ಹಬ್ಬಕ್ಕೆ ಕರೆದರೆ ನೆಂಟರಾಗಿ ಹೋಗಿ, ಊಟ ಮಾಡಿ, ಬನ್ನಿ.

ಊಟ ಅಂದಾಗ ಪ್ರಸಾದದ ಪ್ರಶ್ನೆ ಏಳುತ್ತದೆ. ವಿಗ್ರಹಕ್ಕೆ ಅರ್ಪಿಸಿದ್ದನ್ನು ತಿನ್ನಬಹುದೋ ಬಾರದೋ ಎಂದು ಕೊರಿಂಥದವರೂ ಕೇಳಿದ್ದರು. ಪೌಲ ಅದಕ್ಕೆ ದೀರ್ಘವಾಗಿ ಉತ್ತರ ಬರೆದ. ನಿಮ್ಮ ಮನಸ್ಸಾಕ್ಷಿ ಬೇಡ ಎಂದರೆ ತೆಗೆದುಕೊಳ್ಳಬೇಡಿ, ಆದರೆ ಬೇಡ ಅನ್ನುವ ರೀತಿ ಇದೆಯಲ್ಲ, ಅದರಲ್ಲಿದೆ ಎಲ್ಲ. ಕೈ ಹಿಂದಕ್ಕೆ ಎಳೆದುಕೊಂಡು ಮುಖ ಸಿಂಡರಿಸಿದರೆ ಆ ಅವ್ವ ಇನ್ನು ಹತ್ತು ವರ್ಷ ಮರೆಯುವುದಿಲ್ಲ. 'ಅವ್ವಾ, ನಮ್ಮ ನೇಮದಲ್ಲಿ ಇದು ಬರಲ್ಲ, ಬೇಜಾರು ಮಾಡ್ಕೋಬೇಡ, ಮುದ್ದೆ ಇದ್ರೆ ಹಾಕು' ಎಂದರೆ ಅವಳಿಗೆ ಅರ್ಥವಾಗುತ್ತದೆ. ನೇಮ ಎಂದರೇನು ಎಂಬುದು ಈ ನಾಡಿನ ಅವ್ವಂದಿರಿಗೆ ನಾವು ಕಲಿಸಬೇಕಾದ ವಿಷಯವಲ್ಲ.

ಹೋಗುವುದಾದರೆ ಯಜಮಾನರಿಗೆ ಗೊತ್ತಿರುವಂತೆ ಹೋಗಿ. ಗಂಡಸರು ಕೆಲಸಕ್ಕೆ ಹೋದ ಹೊತ್ತು ನೋಡಿ ಹೆಂಗಸರ ಹತ್ತಿರ, ಅಪ್ಪ ಅಮ್ಮ ಇಲ್ಲದಾಗ ಮಕ್ಕಳ ಹತ್ತಿರ ಮಾತಾಡುವುದು ಈ ಕಡೆ ಅನುಮಾನಕ್ಕೆ ದೊಡ್ಡ ದಾರಿ. ಅನುಮಾನ ತಪ್ಪೂ ಅಲ್ಲ. ನಮ್ಮ ಮಕ್ಕಳಿಗೆ ಇನ್ನೊಬ್ಬರು ಹಾಗೆ ಮಾಡಿದರೆ ನಾವು ಸುಮ್ಮನಿರುತ್ತೇವೆಯೇ? ಬಿಸ್ಕತ್ತು ಕೊಟ್ಟು ಹಾಡು ಕಲಿಸುವ ರಜೆಯ ಶಿಬಿರಗಳಿಗೆ ಪೋಷಕರ ಒಪ್ಪಿಗೆ ಬರಹದಲ್ಲಿ ಇರಲಿ, ಅಲ್ಲಿ ಬೈಬಲ್ ಕಥೆ ಹೇಳುತ್ತೇವೆ ಎಂಬುದು ಆಹ್ವಾನದಲ್ಲೇ ಇರಲಿ.

ಇನ್ನು ಮಾತು. ಇಲ್ಲಿನವರು ಕೇಳುವ ಪ್ರಶ್ನೆಗಳು ಬಹಳ ಇಲ್ಲ. 'ನಿಮಗೆ ಫಾರಿನ್ ದುಡ್ಡು ಬರ್ತದಂತೆ?' ಎಂಬುದು ಒಂದು. ವಿದೇಶಿ ದೇಣಿಗೆಗೆ 2010ರ ಕಾಯ್ದೆಯಡಿ ನೋಂದಣಿ ಬೇಕು, ಲೆಕ್ಕ ಸಲ್ಲಿಸಬೇಕು. ಬರುತ್ತಿದ್ದರೆ ಬರುತ್ತದೆ ಎನ್ನಿ, ಇಲ್ಲದಿದ್ದರೆ ಭಾನುವಾರದ ಕಾಣಿಕೆ ಎಷ್ಟು ಎಂದು ಹೇಳಿ. ಸಭೆಯ ಲೆಕ್ಕದ ಪುಸ್ತಕ ತೋರಿಸುವಂತಿದ್ದರೆ ಈ ಪ್ರಶ್ನೆ ಎರಡನೇ ಸಲ ಬರುವುದಿಲ್ಲ. ಕಷ್ಟದ ಪ್ರಶ್ನೆ ಇನ್ನೊಂದು: 'ನಿಮ್ಮ ದೇವ್ರು ಒಬ್ಬನೇ ದಿಟನಾ? ನಮ್ಮ ಕಬ್ಬಾಳಮ್ಮ ಸುಳ್ಳಾ?' ಇದಕ್ಕೆ ಇಬ್ಬರು ತಪ್ಪು ಉತ್ತರ ಕೊಡುತ್ತಾರೆ. ಒಬ್ಬ ದೇವಿಯನ್ನು ಬೈಯುತ್ತಾನೆ. ಬೇರೊಬ್ಬರ ಧಾರ್ಮಿಕ ಭಾವನೆಯನ್ನು ಬೇಕೆಂದು ಕೆರಳಿಸುವುದು ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಮಿನಡಿ ಅಪರಾಧ. ಅದಿರಲಿ, ಅದು ಅಸಹ್ಯ. ಇನ್ನೊಬ್ಬ 'ಎಲ್ಲಾ ಒಂದೇ ಬಿಡಿ' ಎಂದು ಜಾರಿಕೊಳ್ಳುತ್ತಾನೆ. ತಾನೇ ನಂಬದ ಮಾತನ್ನು ಹೇಳುತ್ತಾನೆ. ನೇರವಾಗಿ ಹೀಗೆ ಹೇಳಬಹುದು: 'ಗೌಡ್ರೆ, ನಿಮ್ಮಮ್ಮನ ವಿಷಯ ಹೇಳೋಕೆ ನಾನು ಬಂದಿಲ್ಲ. ನಾನು ಒಬ್ಬರನ್ನೇ ನಂಬಿ ನಡೀತಿದ್ದೀನಿ. ಯಾಕೆ ಅಂತ ಕೇಳಿದ್ರೆ ನನಗೆ ಆದದ್ದು ಹೇಳ್ತೀನಿ.' ಕೇಳಿದರೆ ಹೇಳಿ. ಚಿಕ್ಕದಾಗಿ ಹೇಳಿ. ಕೇಳದಿದ್ದರೆ ಮಳೆ ಬೆಳೆ ಮಾತಾಡಿ ಎದ್ದು ಬನ್ನಿ.

ಸುಮಾರು ನೂರು ವರ್ಷದ ಹಿಂದೆ ಅಮೆರಿಕದ ಮೆಥೊಡಿಸ್ಟ್ ಮಿಷನರಿ ಸ್ಟ್ಯಾನ್ಲಿ ಜೋನ್ಸ್ ಭಾರತದ ಊರೂರಿನಲ್ಲಿ ನಡೆಸಿದ ದುಂಡುಮೇಜಿನ ಕೂಟಗಳ ಕಟ್ಟಳೆಯೂ ಇದೇ. ಹಿಂದೂ, ಮುಸ್ಲಿಂ, ಕ್ರೈಸ್ತ, ನಾಸ್ತಿಕ ಎಲ್ಲರೂ ಕೂತು, ಧರ್ಮ ತಮ್ಮ ಬದುಕಿನಲ್ಲಿ ಏನು ಮಾಡಿದೆ ಎಂಬುದನ್ನು ಮಾತ್ರ ಹೇಳಬೇಕು, ವಾದಿಸುವ ಹಾಗಿಲ್ಲ. ಚನ್ನಪಟ್ಟಣ, ರಾಮನಗರದ ಕಾಲೇಜು ಹುಡುಗರ ನಡುವೆ ಇದು ಇವತ್ತಿಗೂ ನಡೆದೀತು.

ಎದುರಿನವರದ್ದನ್ನು ಕಲಿಯದೆ ನಮ್ಮದನ್ನು ಹೇಳುವುದು ಸಾಗದು. ಬಾಸೆಲ್ ಮಿಷನ್ನಿನ ಪಾದ್ರಿಯಾಗಿದ್ದ ಉತ್ತಂಗಿ ಚನ್ನಪ್ಪನವರು ಊರೂರು ಅಲೆದು ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು. ಕನ್ನಡಿಗರು ಅವರನ್ನು 1949ರ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರನ್ನಾಗಿ ಕೂರಿಸಿದರು. ಅವರು ಪಾದ್ರಿತನವನ್ನು ಮುಚ್ಚಿಡಲಿಲ್ಲ, ಯಾರೂ ಮುಚ್ಚಿಡು ಅನ್ನಲೂ ಇಲ್ಲ. ನಮ್ಮಲ್ಲಿ ಸುವಾರ್ತೆಗೆ ಹೊರಡುವ ಹುಡುಗರಿಗೆ ಪರಭಾಷೆಯಿಂದ ಭಾಷಾಂತರವಾದ ತರಬೇತಿ ಪುಸ್ತಕ ಕೈಗಿಡುವ ಬದಲು, ಎಚ್. ಎಲ್. ನಾಗೇಗೌಡರು ರಾಮನಗರದ ಹತ್ತಿರ ಕಟ್ಟಿದ ಜಾನಪದ ಲೋಕದಲ್ಲಿ ಎರಡು ದಿನ ಬಿಟ್ಟರೆ ಚೆನ್ನಾಗಿರುತ್ತದೆ. ತಾವು ಯಾರ ಮುಂದೆ ಬಾಯಿ ತೆರೆಯಲು ಹೊರಟಿದ್ದೇವೆ ಎಂಬುದಾದರೂ ತಿಳಿಯುತ್ತದೆ.

ಕಾಯಿಲೆ, ಕಾಸು, ಕಾನೂನು

ಈ ನಾಲ್ಕು ತಾಲ್ಲೂಕುಗಳಲ್ಲಿ ಪ್ರಾರ್ಥನೆಗೆ ಮೊದಲ ಸಲ ಬರುವವರಲ್ಲಿ ಬಹಳ ಮಂದಿ ಕಾಯಿಲೆಯಿಂದ, ಗಂಡನ ಕುಡಿತದಿಂದ, ಸಾಲದಿಂದ ಬೇಸತ್ತವರು. ಅವರಿಗಾಗಿ ಪ್ರಾರ್ಥಿಸುವುದರಲ್ಲಿ ತಪ್ಪಿಲ್ಲ. ಆದರೆ 'ಪ್ರಾರ್ಥನೆಗೆ ಬಂದರೆ ವಾಸಿ, ಬಿಟ್ಟರೆ ಶಾಪ' ಎಂಬ ಮಾತು ಬಾಯಲ್ಲಿ ಬಂತೋ, ಅಲ್ಲಿಗೆ ಸುವಾರ್ತೆ ಮುಗಿದು ವ್ಯಾಪಾರ ಶುರುವಾಯಿತು. ಮಾತ್ರೆ ನಿಲ್ಲಿಸು ಎನ್ನುವವರನ್ನು ಸಭೆಯ ಹಿರಿಯರೇ ಹೊರಗೆ ಹಾಕಬೇಕು. ಸಕ್ಕರೆ ಕಾಯಿಲೆಯವರಿಗಾಗಿ ಪ್ರಾರ್ಥಿಸಿ, ಆಮೇಲೆ ಅವರನ್ನು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಚೀಟಿ ಮಾಡಿಸಿ. ಬೇಡ ಅನ್ನುವ ಗಂಡನ ಮನಸ್ಸು ಸಡಿಲವಾಗುವುದಾದರೆ ಆ ಸಾಲಿನಲ್ಲಿ ನಿಂತಾಗ.

ಕಾನೂನು ಬಿಗಿಯಾಗಿದೆ. ಸಂವಿಧಾನದ 25ನೇ ವಿಧಿ ಧರ್ಮವನ್ನು ಆಚರಿಸುವ, ಪ್ರಚಾರ ಮಾಡುವ ಹಕ್ಕು ಕೊಡುತ್ತದೆ. ಇನ್ನೊಬ್ಬನನ್ನು ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲ ಎಂದು ಸುಪ್ರೀಂ ಕೋರ್ಟ್ 1977ರ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಹೇಳಿತು. ಕರ್ನಾಟಕದ 2022ರ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣೆ ಕಾಯ್ದೆ ಬಲವಂತ, ವಂಚನೆ, ಆಮಿಷ, ಮದುವೆಯ ಭರವಸೆಯಿಂದ ಮಾಡುವ ಮತಾಂತರಕ್ಕೆ 3ರಿಂದ 5 ವರ್ಷ ಸಜೆ, 25,000 ರೂಪಾಯಿ ದಂಡ ಇಟ್ಟಿತು. ಮಹಿಳೆಯರು, ಅಪ್ರಾಪ್ತರು, ಪರಿಶಿಷ್ಟ ಜಾತಿ ಮತ್ತು ಪಂಗಡದವರ ವಿಷಯದಲ್ಲಿ ಅದು 10 ವರ್ಷದವರೆಗೂ ಹೋಗುತ್ತದೆ. ಉಡುಗೊರೆ, ಕೆಲಸ, ಉಚಿತ ಶಿಕ್ಷಣ, ಒಳ್ಳೆಯ ಜೀವನದ ಆಸೆ, ದೇವರ ಕೋಪದ ಹೆದರಿಕೆ ಇವೆಲ್ಲ ಆಮಿಷದ ವ್ಯಾಖ್ಯೆಯೊಳಗೆ ಬರುತ್ತವೆ. ಸೇರುವವರೂ ಸೇರಿಸುವವರೂ 30 ದಿನ ಮುಂಚೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಬಂಧುಗಳಲ್ಲದೆ ಸಹೋದ್ಯೋಗಿಯೂ ದೂರು ಕೊಡಬಹುದು. ತಪ್ಪು ಮಾಡಿಲ್ಲ ಎಂದು ಸಾಬೀತು ಮಾಡುವ ಹೊಣೆ ಆರೋಪಿಯದು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಇದನ್ನು ರದ್ದು ಮಾಡಲು ತೀರ್ಮಾನಿಸಿತು. ಸಂಪುಟದ ತೀರ್ಮಾನವೇ ರದ್ದತಿಯಲ್ಲ, ಅದಕ್ಕೆ ವಿಧಾನಮಂಡಲದಲ್ಲಿ ಮಸೂದೆ ಅಂಗೀಕಾರವಾಗಬೇಕು. ದೀಕ್ಷಾಸ್ನಾನದ ದಿನ ಗೊತ್ತು ಮಾಡುವ ಮೊದಲು ವಕೀಲರನ್ನು ಕೇಳಿ.

ಈ ಕಾಯ್ದೆಯ ಭಾಷೆ ತೀರ ಅಗಲ, ದುರುಪಯೋಗಕ್ಕೆ ಬಾಗಿಲು ತೆರೆದಿಟ್ಟ ಹಾಗಿದೆ ಎಂಬ ಟೀಕೆಯನ್ನು ನಾನು ಒಪ್ಪುತ್ತೇನೆ. ಅದರ ಜೊತೆಗೆ ಇನ್ನೊಂದನ್ನೂ ಹೇಳಬೇಕು: ಅಕ್ಕಿ ಮೂಟೆ ಕೊಡುವಾಗ ಕರಪತ್ರ ಕೊಡಬಾರದು ಎಂಬುದನ್ನು ತಿಳಿಯಲು ನಮಗೆ ಕಾಯ್ದೆ ಬೇಕಾಗಿರಲಿಲ್ಲ. ಯೇಸು ಕುಷ್ಠರೋಗಿಗಳನ್ನು ವಾಸಿಮಾಡಿದಾಗ ಹತ್ತರಲ್ಲಿ ಒಂಬತ್ತು ಮಂದಿ ತಿರುಗಿ ನೋಡಲಿಲ್ಲ. ಆತ ಯಾರಿಂದಲೂ ವಾಸಿಯಾದದ್ದನ್ನು ಹಿಂದಕ್ಕೆ ಪಡೆಯಲಿಲ್ಲ.

ಮತ್ತೂ ಬೇಡ ಅಂದರೆ

ಬಿಟ್ಟುಬಿಡಬೇಕು. ಪೌಲ ಅಥೇನ್ಸಿನಲ್ಲಿ ಮಾತಾಡಿದಾಗ ಕೆಲವರು ನಕ್ಕರು, ಕೆಲವರು ಇನ್ನೊಂದು ಸಲ ಕೇಳೋಣ ಅಂದರು, ಕೆಲವೇ ಮಂದಿ ನಂಬಿದರು. ನಕ್ಕವರ ಬೆನ್ನು ಹತ್ತದೆ ಆತ ಮುಂದಿನ ಊರಿಗೆ ಹೋದ. ಆಸ್ತಿವಂತ ಯುವಕ ಮುಖ ಸಣ್ಣಗೆ ಮಾಡಿಕೊಂಡು ಹೊರಟುಹೋದಾಗ ಯೇಸು ಅವನ ಹಿಂದೆ ಶಿಷ್ಯರನ್ನು ಕಳಿಸಲಿಲ್ಲ. ಬೇಡ ಅಂದವರಿಗೆ ದಿನಾ ಬೆಳಿಗ್ಗೆ ವಾಟ್ಸಾಪಿನಲ್ಲಿ ವಚನ ಕಳಿಸುವುದನ್ನು ಇವತ್ತೇ ನಿಲ್ಲಿಸಿ. ಮಾತು ನಿಂತರೂ ನಂಟು ನಿಲ್ಲಬಾರದು. ಸುವಾರ್ತೆ ಒಪ್ಪದವನ ಮನೆಯ ಗೃಹಪ್ರವೇಶಕ್ಕೂ ಹೋಗಬೇಕು, ಅವನ ಬೋರ್‌ವೆಲ್ ಕೆಟ್ಟಾಗ ನಮ್ಮ ನೀರನ್ನೂ ಬಿಡಬೇಕು. ಮುಂದೊಂದು ದಿನ ಒಪ್ಪಿಯಾನು ಎಂಬ ಲೆಕ್ಕ ಮನಸ್ಸಿನಲ್ಲಿ ಇಟ್ಟುಕೊಂಡು ಮಾಡಿದರೆ ಅವನಿಗೆ ಅದು ಗೊತ್ತಾಗಿಬಿಡುತ್ತದೆ. ರೇಷ್ಮೆ ಮಾರುಕಟ್ಟೆಯಲ್ಲಿ ವ್ಯವಹಾರ ಮಾಡಿದವರಿಗೆ ಎದುರಿನವನ ಲೆಕ್ಕ ಓದುವುದನ್ನು ಹೇಳಿಕೊಡಬೇಕಿಲ್ಲ.

ಮನೆಯೊಳಗಿನ 'ಬೇಡ'ದ ಬಗ್ಗೆಯೂ ಎರಡು ಮಾತು. ಹೆಂಡತಿ ಸಭೆಗೆ ಹೋಗುತ್ತಾಳೆ, ಗಂಡ ಬರುವುದಿಲ್ಲ. ಪಿಯುಸಿ ತನಕ ಭಾನುವಾರ ಶಾಲೆಗೆ ಬಂದ ಮಗ ಬೆಂಗಳೂರಿನ ಕೆಲಸ ಸಿಕ್ಕ ಮೇಲೆ ಬೈಬಲ್ ಮುಟ್ಟುವುದಿಲ್ಲ. ಇವರಿಗೆ ಉಪದೇಶ ಕೇಳಿ ಕೇಳಿ ಸಾಕಾಗಿದೆ. ಇವರ ಮುಂದೆ ಹೊಸದಾಗಿ ಹೇಳುವುದಕ್ಕೆ ಏನೂ ಉಳಿದಿಲ್ಲ. ಸಭೆಯಿಂದ ಬಂದ ಮೇಲೆ ಮನೆಯಲ್ಲಿ ನಾವು ಹೇಗಿರುತ್ತೇವೆ ಎಂಬುದನ್ನು ಅವರು ನೋಡುತ್ತಿದ್ದಾರೆ, ಅಷ್ಟೇ.

ಈ ನಾಲ್ಕು ತಾಲ್ಲೂಕುಗಳ ಸಭೆಗಳ ಹಿರಿಯರಲ್ಲಿ ಒಂದು ಕೇಳಿಕೆ ಇದೆ. ಮುಂದಿನ ಸುವಾರ್ತಾ ಕೂಟಕ್ಕೆ ಶಾಮಿಯಾನ, ಮೈಕ್ ಗೊತ್ತು ಮಾಡುವ ಮೊದಲು, ನಿಮ್ಮ ಸಭೆಗೆ ಹೊಸದಾಗಿ ಸೇರಿದವರ ಪಟ್ಟಿ ತೆಗೆಯಿರಿ. ಸೇರದೆ ಉಳಿದಿರುವ ಅವರ ಅಪ್ಪ, ಅಮ್ಮ, ಅಣ್ಣಂದಿರ ಮನೆಗೆ ಪಾಸ್ಟರೇ ಹೋಗಲಿ, ಹೇಳಿಕಳಿಸಿ, ಹಗಲು ಹೊತ್ತಿನಲ್ಲಿ. ಅವರಿಗಿರುವ ಸಿಟ್ಟನ್ನೆಲ್ಲ ಹೇಳಲು ಬಿಡಿ, ನಡುವೆ ಬಾಯಿ ಹಾಕಬೇಡಿ. ಮೈಕಿನ ಖರ್ಚು ಉಳಿದರೆ ಅದನ್ನು ಸಭೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡಿ.